ಹೋದ ಮರಳು ಮರಳುವುದು ಯಾವಾಗ?

ಜೂನ್ ತಿಂಗಳ ಎರಡನೆಯ ವಾರ ಬಂತೆಂದರೆ ಕರಾವಳಿಯ ಪತ್ರಿಕೆಗಳಲ್ಲಿ ಒಂದು ಚಿತ್ರ ಖಾಯಂ. ಬುಡದ ಮರಳೆಲ್ಲ ತೊಳೆದುಹೋಗಿ ಬೇರು ಹೊರಚಾಚಿದ ತೆಂಗಿನಮರ, ನಡುವಿಗೇ ಕಡಿದುಬಿದ್ದ ಡಾಂಬರು ರಸ್ತೆ, ಅದರಾಚೆ ಮಣ್ಣುಬಣ್ಣದ ಕಡಲು. ಕೆಳಗೆ ‘ಕಡಲ್ಕೊರೆತ ತೀವ್ರ’ ಎಂಬ ಎರಡು ಪದ. ಊರಿನ ಹೆಸರಷ್ಟೇ ಬದಲಾಗುತ್ತದೆ: ಒಂದು ವರ್ಷ ಉಳ್ಳಾಲ, ಇನ್ನೊಂದು ವರ್ಷ ಸಸಿಹಿತ್ಲು, ಮತ್ತೊಮ್ಮೆ ಕಾಪು ಅಥವಾ ಮರವಂತೆ. ಇಂಥ ಜಾಗಗಳಿಗೆ ಜನವರಿಯಲ್ಲಿ ಹೋಗಿ ನೋಡಿ. ಕೆಲವು ಕಡೆ ಅಗಲವಾದ ಮರಳಿನ ಮೇಲೆ ಹುಡುಗರು ಸ್ಟಂಪು ನೆಟ್ಟು ಕ್ರಿಕೆಟ್ ಆಡುತ್ತಿರುತ್ತಾರೆ. ಇನ್ನು ಕೆಲವು ಕಡೆ ಹೋದದ್ದು ಹೋಯಿತು. ಕಲ್ಲಿನ ರಾಶಿಗೆ ತೆರೆ ಬಡಿಯುತ್ತಲೇ ಇರುತ್ತದೆ.

ಕಡಲೂ ಅದೇ, ಮಳೆಗಾಲವೂ ಅದೇ. ಒಂದೂರಿನಲ್ಲಿ ಮರಳು ಮರಳುತ್ತದೆ, ಪಕ್ಕದೂರಿನಲ್ಲಿ ಮರಳುವುದಿಲ್ಲ. ‘ಕಡಲು ದಡವನ್ನು ನುಂಗುತ್ತಿದೆ’ ಎಂಬ ವಿವರಣೆ ಈ ವ್ಯತ್ಯಾಸವನ್ನು ಬಿಡಿಸುವುದಿಲ್ಲ. ಬಿಡಿಸಬೇಕಾದರೆ ಕಡಲನ್ನು ಸ್ವಲ್ಪ ಬದಿಗಿಟ್ಟು ಮರಳಿನ ಕಾಳನ್ನು ಹಿಂಬಾಲಿಸಬೇಕು.

ಕಾಳಿನ ತವರು

ಭೂವಿಜ್ಞಾನಿಗಳ ಲೆಕ್ಕದಲ್ಲಿ ಮರಳು ಎಂದರೆ ಗಾತ್ರದ ಹೆಸರು, ವಸ್ತುವಿನದಲ್ಲ. ಒಂದು ಮಿಲಿಮೀಟರಿನ ಹದಿನಾರನೆಯ ಒಂದು ಭಾಗದಿಂದ ಎರಡು ಮಿಲಿಮೀಟರಿನವರೆಗಿನ ಯಾವ ಕಾಳಾದರೂ ಮರಳೇ. ಅದಕ್ಕಿಂತ ಸಣ್ಣದಾದರೆ ಹೂಳು, ಜೇಡಿ. ದೊಡ್ಡದಾದರೆ ಜಲ್ಲಿ, ಉರುಟುಕಲ್ಲು.

ನಮ್ಮ ಕರಾವಳಿಯ ಮರಳಿನ ಬಹುಪಾಲಿಗೆ ತವರು ಘಟ್ಟ. ಮಳೆ, ಬಿಸಿಲು, ಬೇರುಗಳು ಸೇರಿ ಬಂಡೆಯನ್ನು ಒಡೆಯುತ್ತವೆ. ನೇತ್ರಾವತಿ, ಸೀತಾ, ಸ್ವರ್ಣಾ, ಶರಾವತಿ, ಅಘನಾಶಿನಿ, ಕಾಳಿಯಂಥ ನದಿಗಳು ಆ ಚೂರುಗಳನ್ನು ಉರುಳಿಸಿಕೊಂಡು ಬರುತ್ತವೆ. ದಾರಿಯಲ್ಲಿ ಮೆತ್ತಗಿನ ಖನಿಜಗಳು ಕರಗಿ ಜೇಡಿಯಾಗುತ್ತವೆ, ಗಟ್ಟಿಯಾದ ಸ್ಫಟಿಕಶಿಲೆ ಉಳಿಯುತ್ತದೆ. ಬೀಚಿನಲ್ಲಿ ಕೈಗೆ ಸಿಗುವ ಬಿಳಿ-ಕಂದು ಕಾಳುಗಳಲ್ಲಿ ಹೆಚ್ಚಿನವು ಅವೇ. ಅವುಗಳ ಜೊತೆ ಚಿಪ್ಪಿನ ಪುಡಿಯೂ ಸೇರಿರುತ್ತದೆ. ಎಲ್ಲ ಕಡೆಯೂ ಹೀಗೆಯೇ ಎಂದಲ್ಲ. ಕಾರವಾರದ ಮಾಜಾಳಿಯ ಬಳಿ ತಿಳಮಾತಿ ಎಂಬ ಪುಟ್ಟ ಬೀಚಿದೆ. ಅಲ್ಲಿನ ಮರಳು ಎಳ್ಳಿನಂತೆ ಕಪ್ಪು. ಕೊಂಕಣಿಯಲ್ಲಿ ತೀಳ್ ಎಂದರೆ ಎಳ್ಳು, ಮಾತಿ ಎಂದರೆ ಮಣ್ಣು. ಹೆಸರಿಟ್ಟವರಿಗೆ ಭೂವಿಜ್ಞಾನ ಗೊತ್ತಿರಬೇಕಾದ ಅಗತ್ಯವೇ ಇರಲಿಲ್ಲ.

ದೊಡ್ಡ ಅಲೆ ಎದ್ದ ಮಾರನೆಯ ದಿನ ಬಿಳಿ ಮರಳಿನ ಮೇಲೂ ಕಪ್ಪು ಪಟ್ಟೆಗಳು ಕಾಣಿಸುತ್ತವೆ. ಹಲವರು ಎಣ್ಣೆಯ ಕಲೆ ಎಂದುಕೊಳ್ಳುತ್ತಾರೆ. ಎಣ್ಣೆಯೂ ತೀರಕ್ಕೆ ಬರುವುದುಂಟು, ಆದರೆ ಅದು ಕೈಗೆ ಅಂಟುತ್ತದೆ. ಅಂಟದೆ ಉದುರಿದರೆ ಅದು ಇಲ್ಮನೈಟ್‌ನಂಥ ಭಾರದ ಖನಿಜ. ಅಲೆಯು ಹಗುರವಾದ ಕಾಳುಗಳನ್ನು ಎಳೆದುಕೊಂಡು ಹೋಗಿ ಭಾರವಾದುದನ್ನು ಬಿಟ್ಟಿರುತ್ತದೆ. ಮೊರದಲ್ಲಿ ಅಕ್ಕಿ ಕೇರುವುದನ್ನು ನೋಡಿದವರಿಗೆ ಇದು ಹೊಸದೇನಲ್ಲ.

ಇನ್ನೊಂದು ಕಾಲದ ಲೆಕ್ಕವೂ ಬೇಕು. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದ ತುತ್ತತುದಿಯಲ್ಲಿ, ಕಡಲ ಮಟ್ಟ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಈಗ ದೋಣಿಗಳು ಬಲೆ ಬೀಸುವ ಜಾಗ ಆಗ ಒಣನೆಲ. ಹಿಮ ಕರಗಿ ನೀರು ಮೇಲೇರಿ, ಏರಿಕೆ ನಿಧಾನವಾದದ್ದು ಆರೇಳು ಸಾವಿರ ವರ್ಷಗಳ ಹಿಂದೆ. ಇಂದು ನಾವು ‘ಅನಾದಿ’ ಎಂದುಕೊಳ್ಳುವ ಮರಳ ತೀರಗಳಲ್ಲಿ ಹೆಚ್ಚಿನವು ರೂಪುಗೊಂಡದ್ದು ಆಮೇಲೆಯೇ. ಬೆಟ್ಟಗಳ ಎದುರು ಅವು ನಿನ್ನೆ ಹುಟ್ಟಿದ ಕೂಸುಗಳು.

ಬಸ್ಸು ತುಂಬಿದೆ, ಪ್ರಯಾಣಿಕರು ಬೇರೆ

ಮಂಗಳೂರಿನಿಂದ ಕುಂದಾಪುರಕ್ಕೆ ಹೋಗುವ ಬಸ್ಸನ್ನು ಕಲ್ಪಿಸಿಕೊಳ್ಳಿ. ಸುರತ್ಕಲ್ಲಿನಲ್ಲೂ ತುಂಬಿರುತ್ತದೆ, ಪಡುಬಿದ್ರಿಯಲ್ಲೂ ತುಂಬಿರುತ್ತದೆ, ಉಡುಪಿಯಲ್ಲಂತೂ ಕೇಳುವುದೇ ಬೇಡ. ಆದರೆ ಸುರತ್ಕಲ್ಲಿನಲ್ಲಿ ಕಂಡ ಮುಖಗಳು ಕುಂದಾಪುರದಲ್ಲಿ ಇರುವುದಿಲ್ಲ. ಪ್ರತಿ ನಿಲ್ದಾಣದಲ್ಲೂ ಇಳಿದವರಷ್ಟೇ ಜನ ಹತ್ತುತ್ತಿರುವುದರಿಂದ ಬಸ್ಸು ತುಂಬಿದಂತೆಯೇ ಕಾಣುತ್ತದೆ. ಮರಳ ತೀರವೂ ಹೀಗೆಯೇ. ವರ್ಷ ವರ್ಷವೂ ಅಷ್ಟೇ ಅಗಲವಾಗಿ ಕಾಣುವ ಬೀಚಿನಲ್ಲಿ ಕಾಳುಗಳು ಮಾತ್ರ ಬದಲಾಗುತ್ತಿರುತ್ತವೆ. ಬರುವುದು ಮತ್ತು ಹೋಗುವುದರ ಈ ಲೆಕ್ಕವನ್ನು ತಜ್ಞರು ಮರಳಿನ ಆಯವ್ಯಯ ಎನ್ನುತ್ತಾರೆ.

ಕಾಳು ತೀರದುದ್ದಕ್ಕೂ ಪ್ರಯಾಣ ಮಾಡುವುದು ಹೇಗೆ? ಅಲೆಗಳು ದಡಕ್ಕೆ ನೇರವಾಗಿ ಬರುವುದು ಅಪರೂಪ. ಸ್ವಲ್ಪ ಓರೆಯಾಗಿ ಬರುತ್ತವೆ. ಓರೆಯಾಗಿ ಏರಿದ ತೆರೆ ಕಾಳನ್ನು ಓರೆಯಾಗಿಯೇ ಮೇಲಕ್ಕೆ ತಳ್ಳುತ್ತದೆ. ಇಳಿಯುವ ನೀರಿಗೆ ಇಳಿಜಾರು ಒಂದೇ ಗೊತ್ತು, ಅದು ಕಾಳನ್ನು ನೇರವಾಗಿ ಕೆಳಗೆ ಎಳೆಯುತ್ತದೆ. ಮತ್ತೆ ಓರೆಯಾಗಿ ಮೇಲೆ, ಮತ್ತೆ ನೇರವಾಗಿ ಕೆಳಗೆ. ಗರಗಸದ ಹಲ್ಲಿನ ಹಾಗೆ ಹೆಜ್ಜೆ ಹಾಕುತ್ತಾ ಕಾಳು ಪಕ್ಕಕ್ಕೆ ಸರಿಯುತ್ತದೆ. ಚಪ್ಪಲಿ, ಬಟ್ಟೆ ದಡದಲ್ಲಿಟ್ಟು ನೀರಿಗಿಳಿದವರು ಅರ್ಧ ಗಂಟೆಯ ಮೇಲೆ ತಿರುಗಿ ನೋಡಿದಾಗ ಬಟ್ಟೆ ಎಲ್ಲೋ ದೂರದಲ್ಲಿ ಕಾಣುತ್ತದಲ್ಲ, ಸರಿದದ್ದು ಬಟ್ಟೆಯಲ್ಲ. ಅವರನ್ನು ಸರಿಸಿದ ಆ ಪಕ್ಕದ ಸೆಳೆತವೇ ಮರಳನ್ನೂ ಸಾಗಿಸುತ್ತದೆ. ಇದನ್ನು ತೀರದುದ್ದದ ಸಾಗಣೆ ಎನ್ನೋಣ.

ಮಳೆಗಾಲದ ಸಾಲ

ಎರಡನೆಯ ಚಲನೆ ಅಡ್ಡಡ್ಡ: ದಡದಿಂದ ಕಡಲಿಗೆ, ಕಡಲಿನಿಂದ ದಡಕ್ಕೆ.

ಮುಂಗಾರಿನ ಅಲೆಗಳು ಎತ್ತರ, ಒಂದರ ಬೆನ್ನಿಗೆ ಇನ್ನೊಂದು. ಮೊದಲ ಅಲೆಯ ನೀರು ಇಂಗುವ ಮೊದಲೇ ಎರಡನೆಯದು ಬಂದಿರುತ್ತದೆ. ಮರಳು ಆಗಲೇ ನೀರು ಕುಡಿದು ಕುಳಿತಿರುವುದರಿಂದ ಏರಿದ ನೀರೆಲ್ಲ ರಭಸದಿಂದ ಹಿಂದಕ್ಕೇ ಓಡುತ್ತದೆ, ಓಡುವಾಗ ಮರಳನ್ನು ಕೆರೆದುಕೊಂಡು ಹೋಗುತ್ತದೆ. ಆದರೆ ಬಹಳ ದೂರವೇನಲ್ಲ. ದಡದಿಂದ ಒಂದಿಷ್ಟು ಆಚೆ ಸುರಿದು, ನೀರಿನಡಿಯಲ್ಲಿ ಒಂದು ದಿಣ್ಣೆ ಕಟ್ಟುತ್ತದೆ. ಮಳೆಗಾಲದಲ್ಲಿ ದಡದಿಂದ ದೂರದಲ್ಲೇ ಅಲೆಗಳು ನೊರೆಯಾಗಿ ಒಡೆಯುವುದನ್ನು ಕಂಡಿದ್ದರೆ ಆ ದಿಣ್ಣೆಯನ್ನು ಕಂಡ ಹಾಗೆಯೇ. ಒಂದು ರೀತಿಯಲ್ಲಿ ತೀರವು ತನ್ನದೇ ಮರಳಿನಿಂದ ತನಗೊಂದು ತಡೆಗೋಡೆ ಕಟ್ಟಿಕೊಂಡಿರುತ್ತದೆ. ದೊಡ್ಡ ಅಲೆಗಳು ಅಲ್ಲೇ ಸುಸ್ತಾಗುತ್ತವೆ.

ನೂಲ ಹುಣ್ಣಿಮೆಗೆ ಮೀನುಗಾರರು ಸಮುದ್ರಪೂಜೆ ಮಾಡಿ ಹಾಲು, ತೆಂಗಿನಕಾಯಿ ಅರ್ಪಿಸುವ ಹೊತ್ತಿಗೆ ಕಡಲಿನ ಸಿಟ್ಟು ಇಳಿಯತೊಡಗಿರುತ್ತದೆ. ಮುಂಗಾರು ಹಿಂದೆ ಸರಿದ ಮೇಲೆ ಬರುವ ಅಲೆಗಳು ತಗ್ಗು, ಉದ್ದ, ನಿಧಾನ. ಅವುಗಳ ನೀರು ಏರುವಾಗ ಕಾಳು ತರುತ್ತದೆ. ಇಳಿಯುವ ಮೊದಲೇ ಅರ್ಧ ಇಂಗಿಹೋಗುವುದರಿಂದ ಹೊತ್ತುಕೊಂಡು ಹೋಗಲು ಕಸುವು ಸಾಲುವುದಿಲ್ಲ. ಹೀಗೆ ಅಕ್ಟೋಬರಿನಿಂದ ಮೇ ತನಕ ದಿಣ್ಣೆಯ ಮರಳು ಕಾಳು ಕಾಳಾಗಿ ದಡಕ್ಕೆ ವಾಪಸಾಗುತ್ತದೆ. ಕೊರೆತಕ್ಕೆ ಕೆಲವು ದಿನಗಳು ಸಾಕು, ಭರ್ತಿಗೆ ತಿಂಗಳುಗಳು ಬೇಕು. ಮಳೆಗಾಲದ ಒಂದು ಚಿತ್ರವನ್ನೋ ಬೇಸಿಗೆಯ ಒಂದು ಚಿತ್ರವನ್ನೋ ಇಟ್ಟುಕೊಂಡು ‘ತೀರ ಹೋಯಿತು’, ‘ತೀರ ಬೆಳೆಯಿತು’ ಎಂದು ಹೇಳಲಾಗದಿರುವುದು ಇದೇ ಕಾರಣಕ್ಕೆ. ಮೇ ತಿಂಗಳ ತೀರವನ್ನು ಹೋಲಿಸಬೇಕಾದದ್ದು ಇನ್ನೊಂದು ಮೇ ತಿಂಗಳ ತೀರದೊಂದಿಗೆ.

ಬೆಂಗ್ರೆ, ಕೋಡಿ, ಅಳಿವೆ

ಊರ ಹೆಸರುಗಳಲ್ಲೇ ಈ ವಿಜ್ಞಾನ ಅಡಗಿದೆ. ನದಿ ಕಡಲಿಗೆ ಸೇರುವ ಬಾಯಿ ಅಳಿವೆ. ತೀರದುದ್ದ ಸಾಗುವ ಮರಳು ಅಳಿವೆಯ ಬಳಿ ಬಂದಾಗ ನದಿಯ ಹರಿವಿಗೆ ಸಿಕ್ಕಿ ನಿಧಾನವಾಗಿ ನಾಲಗೆಯಂತೆ ಚಾಚಿಕೊಳ್ಳುತ್ತದೆ. ಒಂದು ಪಕ್ಕ ನದಿ, ಇನ್ನೊಂದು ಪಕ್ಕ ಕಡಲು ಇರುವ ಇಂಥ ಮರಳ ನಾಲಗೆಗಳ ಮೇಲೆ ಬೆಳೆದ ಊರುಗಳ ಹೆಸರಿನಲ್ಲಿ ಕೋಡಿ, ಬೆಂಗ್ರೆ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ: ಮಂಗಳೂರಿನ ತೋಟಬೆಂಗ್ರೆ, ಸೀತಾ-ಸ್ವರ್ಣಾ ಕಡಲಿಗಿಳಿಯುವಲ್ಲಿನ ಕೋಡಿಬೆಂಗ್ರೆ. ನಂದಿನಿ ಮತ್ತು ಶಾಂಭವಿ ಸೇರುವ ಸಸಿಹಿತ್ಲು ಕೂಡ ಈ ಬಳಗದ್ದೇ.

ನಾಲಗೆಗೆ ಸ್ಥಿರತೆ ಇಲ್ಲ. ಉದ್ದವಾಗುತ್ತದೆ, ಬಾಗುತ್ತದೆ, ದೊಡ್ಡ ನೆರೆ ಬಂದರೆ ನಡುವೆ ಹರಿದುಹೋಗಿ ಅಳಿವೆಯೇ ಹೊಸ ಜಾಗಕ್ಕೆ ಹೋಗಬಹುದು. ಮರಳಿಗೆ ಇದು ಸಹಜ. ತೊಂದರೆ ಶುರುವಾಗುವುದು ಅಳಿವೆ ಒಂದೇ ಕಡೆ ಇರಬೇಕು ಎಂದು ನಮಗೆ ಅನಿಸಿದಾಗ. ದೋಣಿಗಳಿಗೆ ಅದು ಬೇಕೇ ಬೇಕು ಎನ್ನುವುದೂ ನಿಜ.

ಬಾಗಿಲು ಮುಚ್ಚಿದರೆ

ಅಳಿವೆಯನ್ನು ಹಿಡಿದಿಡಲು, ಬಂದರಿನೊಳಗೆ ನೀರು ಶಾಂತವಾಗಿರಲು ಕಡಲಿನೊಳಕ್ಕೆ ಕಲ್ಲಿನ ದಂಡೆ ಚಾಚುತ್ತಾರೆ. ಅದು ಬ್ರೇಕ್‌ವಾಟರ್. ಅಲೆಗಷ್ಟೇ ಅಲ್ಲ, ತೀರದುದ್ದ ಸಾಗುವ ಮರಳಿಗೂ ಅದು ಅಡ್ಡ. ಒಂದು ಪಕ್ಕದಲ್ಲಿ ಮರಳು ಬಂದು ಬಂದು ರಾಶಿಯಾಗುತ್ತದೆ. ಇನ್ನೊಂದು ಪಕ್ಕದಲ್ಲಿ ಇಳಿಯುವವರು ಇಳಿಯುತ್ತಲೇ ಇರುತ್ತಾರೆ, ಹತ್ತುವವರು ಮಾತ್ರ ಯಾರೂ ಇಲ್ಲ.

ಇದರ ಅತ್ಯಂತ ಸ್ಪಷ್ಟ ಪಾಠ ಚೆನ್ನೈ. ಪೂರ್ವ ಕರಾವಳಿಯಲ್ಲಿ ಮರಳು ವರ್ಷದ ಒಟ್ಟು ಲೆಕ್ಕದಲ್ಲಿ ದಕ್ಷಿಣದಿಂದ ಉತ್ತರಕ್ಕೆ ಸಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅಲ್ಲಿ ಬಂದರಿನ ದಂಡೆಗಳು ಎದ್ದವು. ದಕ್ಷಿಣಕ್ಕೆ ಮರಳು ಸೇರುತ್ತಾ ಸೇರುತ್ತಾ ಇಂದಿನ ಅಗಲವಾದ ಮರೀನಾ ಬೀಚ್ ಆಯಿತು. ಉತ್ತರದ ರಾಯಪುರಂ ಕಡೆಯ ತೀರ ಕೊರೆಯುತ್ತಾ ಹೋಗಿ ಕಲ್ಲಿನ ಗೋಡೆಯ ಹಿಂದೆ ಅಡಗಿತು. ಮರೀನಾದಲ್ಲಿ ಸುಂಡಲ್ ತಿನ್ನುತ್ತಾ ಕುಳಿತವರ ಕಾಲಡಿಯ ಮರಳು ಇನ್ನೊಂದು ಬಡಾವಣೆಗೆ ಸೇರಬೇಕಾಗಿದ್ದದ್ದು.

ಮಂಗಳೂರಿನಲ್ಲಿ ನೇತ್ರಾವತಿ-ಗುರುಪುರ ನದಿಗಳ ಅಳಿವೆಗೆ 1990ರ ದಶಕದಲ್ಲಿ ಬ್ರೇಕ್‌ವಾಟರ್ ಬಂದಿತು. ಆಮೇಲಿನ ವರ್ಷಗಳಲ್ಲಿ ಉತ್ತರದ ಬೆಂಗ್ರೆ ಕಡೆ ಮರಳು ಕೂಡಿತು, ದಕ್ಷಿಣದ ಉಳ್ಳಾಲದಲ್ಲಿ ಕೊರೆತ ಹೆಚ್ಚಿತು. ಮುಂದೆ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನ ಯೋಜನೆಯಲ್ಲಿ ಉಳ್ಳಾಲದ ಕಡಲೊಳಗೆ ರೀಫ್‌ಗಳನ್ನು, ಅಂದರೆ ಅಲೆಯ ಬಲ ಮುರಿಯುವ ದಿಬ್ಬಗಳನ್ನು ನಿರ್ಮಿಸಲಾಯಿತು. ಇಲ್ಲಿ ಚೆನ್ನೈನಷ್ಟು ಸರಳ ಚಿತ್ರವಿಲ್ಲ. ಪಶ್ಚಿಮ ಕರಾವಳಿಯಲ್ಲಿ ಅಲೆಯ ದಿಕ್ಕು ಋತುವಿಗೆ ತಕ್ಕಂತೆ ತಿರುಗುವುದರಿಂದ ಸಾಗಣೆಯೂ ದಿಕ್ಕು ಬದಲಿಸುತ್ತದೆ.

ಬಸ್ಸು ಹೊರಡುವ ನಿಲ್ದಾಣದಲ್ಲೇ ಜನ ಹತ್ತದಿರುವುದೂ ಉಂಟು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದ ಮೇಲೆ ಶರಾವತಿಯ ಮೇಲ್ಭಾಗದ ಒರಟು ಮರಳಿಗೆ ಆ ಜಲಾಶಯವೇ ಕೊನೆಯ ಊರು. ನದಿಪಾತ್ರದಿಂದ ತೆಗೆಯುವ ಮರಳೂ ಈ ಲೆಕ್ಕಕ್ಕೇ ಸೇರುತ್ತದೆ: ಮನೆ ಕಟ್ಟಲು ಲಾರಿಯಲ್ಲಿ ಹೋದ ಲೋಡು ಕಡಲಿಗೆ ಸೇರುವುದಿಲ್ಲ.

ಕಲ್ಲು ಹಾಕಿದರೆ ಏನಾಗುತ್ತದೆ

ಕೊರೆತ ಕಂಡ ಕೂಡಲೇ ಬರುವ ಬೇಡಿಕೆ ಕಲ್ಲಿನ ತಡೆಗೋಡೆ. ಮನೆಯ ಅಂಗಳಕ್ಕೆ ತೆರೆ ಬಂದಿರುವಾಗ ಬೇರೇನನ್ನು ಕೇಳಲು ಸಾಧ್ಯ? ಗೋಡೆಯ ಹಿಂದಿನದನ್ನು ಅದು ಕೆಲಕಾಲ ಉಳಿಸುತ್ತದೆ ಕೂಡ. ಮುಂದಿನದನ್ನು ಉಳಿಸುವುದಿಲ್ಲ. ಇಳಿಜಾರಿನ ಮರಳು ಅಲೆಯ ಬಲವನ್ನು ಹೀರುತ್ತದೆ, ಗೋಡೆ ಅದನ್ನು ವಾಪಸು ಒದೆಯುತ್ತದೆ. ಒದೆಸಿಕೊಂಡ ನೀರು ಗೋಡೆಯ ಬುಡವನ್ನೇ ತೋಡುತ್ತದೆ, ಕಲ್ಲುಗಳು ಕುಸಿಯುತ್ತವೆ, ಮರುವರ್ಷ ಮತ್ತೆ ಕಲ್ಲು ಬೇಕಾಗುತ್ತದೆ. ಗೋಡೆ ಮುಗಿಯುವ ತುದಿಯಲ್ಲಿ ಅಲೆ ತಿರುಗಿ ಪಕ್ಕದ ಮರಳಿಗೆ ನುಗ್ಗುತ್ತದೆ. ಹಾಗಾಗಿ ಕೊರೆತ ನಿಲ್ಲುವುದಕ್ಕಿಂತ ನಾಲ್ಕು ಮನೆ ಆಚೆಗೆ ಸರಿಯುವುದೇ ಹೆಚ್ಚು.

ಎರಡು ಕೋಲು, ಒಂದು ಹಗ್ಗ

ಇದನ್ನೆಲ್ಲ ಅಳೆಯುವುದು ಹೇಗೆ? ಒಂದು ವಿಧಾನ ಎಷ್ಟು ಸರಳವೆಂದರೆ ಶಾಲೆಯ ಮಕ್ಕಳೂ ಮಾಡಬಹುದು. 1961ರಲ್ಲಿ ಅಮೆರಿಕದ ಭೂವಿಜ್ಞಾನಿ ಕೆ. ಒ. ಎಮೆರಿ ಇದನ್ನು ವಿವರಿಸಿದರು. ಒಂದೇ ಎತ್ತರದ ಎರಡು ಕೋಲುಗಳು, ಸೆಂಟಿಮೀಟರ್ ಗುರುತು ಹಾಕಿದವು. ನಡುವೆ ಅಳತೆಯ ಹಗ್ಗ. ಒಬ್ಬರು ದಡದ ಕಡೆಯ ಕೋಲು ಹಿಡಿಯುತ್ತಾರೆ, ಇನ್ನೊಬ್ಬರು ಹಗ್ಗ ಬಿಗಿಯಾಗುವಷ್ಟು ಕಡಲ ಕಡೆಗೆ ಇಳಿದು ಎರಡನೆಯದನ್ನು ನೆಟ್ಟಗೆ ನಿಲ್ಲಿಸುತ್ತಾರೆ. ದಡದಲ್ಲಿರುವವರು ಕಣ್ಣು ಕಿರಿದು ಮಾಡಿ ಮುಂದಿನ ಕೋಲಿನ ತುದಿ ದಿಗಂತದ ಗೆರೆಗೆ ಸರಿಯಾಗಿ ಕೂಡುವಂತೆ ನೋಡುತ್ತಾರೆ. ಆ ನೋಟದ ಗೆರೆ ತಮ್ಮ ಕೋಲನ್ನು ತುದಿಯಿಂದ ಎಷ್ಟು ಕೆಳಗೆ ದಾಟುತ್ತದೋ ಅಷ್ಟೇ ಮರಳಿನ ಇಳಿತ. ಬರೆದುಕೊಂಡು ಮುಂದಕ್ಕೆ ಸರಿಯುವುದು, ನೀರು ಮೊಣಕಾಲಿಗೆ ಬರುವ ತನಕ. ಅಂಕಿಗಳನ್ನು ಜೋಡಿಸಿದರೆ ಬೀಚಿನ ಅಡ್ಡಸೀಳು ಕಾಗದದ ಮೇಲೆ ಬರುತ್ತದೆ. ಕಡಲೇ ಮಟ್ಟಗೋಲು.

ಇಂಥ ಅಳತೆಯ ಬೆಲೆ ಇರುವುದು ಅದನ್ನು ಬಿಡದೆ ಮಾಡುವುದರಲ್ಲಿ. ಸಿಡ್ನಿಯ ನ್ಯಾರಬೀನ್ ಬೀಚನ್ನು 1976ರಿಂದ ತಿಂಗಳು ತಿಂಗಳೂ ಅಳೆಯುತ್ತಾ ಬಂದಿದ್ದಾರೆ. ಬಿರುಗಾಳಿಯೊಂದು ಹೊತ್ತೊಯ್ದ ಮರಳು ಎಷ್ಟು ದಿನಕ್ಕೆ ಮರಳಿತು ಎಂಬ ಪ್ರಶ್ನೆಗೆ ಜಗತ್ತಿನ ಕೆಲವೇ ಕೆಲವು ತೀರಗಳಲ್ಲಿ ಉತ್ತರವಿದೆ, ಅವುಗಳಲ್ಲಿ ಅದೊಂದು.

ಉಪಗ್ರಹಗಳು ಬಂದ ಮೇಲೆ ಅಳತೆಯ ಹರವು ಬದಲಾಯಿತು. 1984ರಿಂದ 2016ರವರೆಗಿನ ಚಿತ್ರಗಳನ್ನು ಜೋಡಿಸಿ ಡಚ್ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಜಗತ್ತಿನ ಮರಳ ತೀರಗಳಲ್ಲಿ ಶೇ 24ರಷ್ಟು ವರ್ಷಕ್ಕೆ ಅರ್ಧ ಮೀಟರಿಗಿಂತ ಹೆಚ್ಚು ಹಿಂದೆ ಸರಿಯುತ್ತಿವೆ, ಶೇ 28ರಷ್ಟು ಬೆಳೆಯುತ್ತಿವೆ, ಉಳಿದವು ಹೆಚ್ಚುಕಡಿಮೆ ಇದ್ದಲ್ಲೇ ಇವೆ. ನಮ್ಮ ದೇಶದಲ್ಲಿ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ ಇದೇ ರೀತಿ ನೋಡಿದಾಗ ಒಟ್ಟು ಕರಾವಳಿಯ ಮೂರನೆಯ ಒಂದು ಭಾಗದಷ್ಟು ಕೊರೆತಕ್ಕೆ ಸಿಕ್ಕಿರುವುದು ಕಂಡಿತು. ಕಾಲು ಭಾಗಕ್ಕಿಂತ ಹೆಚ್ಚು ಬೆಳೆಯುತ್ತಿದೆ. ಬೆಳೆಯುವ ತೀರ ಪತ್ರಿಕೆಯಲ್ಲಿ ಬರುವುದಿಲ್ಲ, ಅಷ್ಟೇ.

ಹವಾಮಾನ ಬದಲಾವಣೆ ಎಲ್ಲಿ ಬರುತ್ತದೆ?

1901ರಿಂದ 2018ರವರೆಗೆ ಜಗತ್ತಿನ ಸರಾಸರಿ ಕಡಲ ಮಟ್ಟ ಸುಮಾರು 20 ಸೆಂಟಿಮೀಟರ್ ಏರಿದೆ. 2006ರ ನಂತರದ ದಶಕದಲ್ಲಿ ಏರಿಕೆಯ ವೇಗ ವರ್ಷಕ್ಕೆ 3.7 ಮಿಲಿಮೀಟರ್. ಕಾರಣ ಎರಡು: ಬಿಸಿಯಾದ ನೀರು ಹಿಗ್ಗುತ್ತದೆ, ನೆಲದ ಮೇಲಿನ ಹಿಮ ಕರಗಿ ಕಡಲಿಗೆ ಸೇರುತ್ತದೆ.

ಮಂಗಳೂರಿನಲ್ಲಿ ಉಬ್ಬರ-ಇಳಿತದ ವ್ಯತ್ಯಾಸವೇ ಒಂದು ಮೀಟರಿಗಿಂತ ಹೆಚ್ಚಿರುವಾಗ ಮೂರೂಮುಕ್ಕಾಲು ಮಿಲಿಮೀಟರ್ ಯಾವ ಲೆಕ್ಕ ಎಂದು ಕೇಳಬಹುದು. ಉತ್ತರ ಇಳಿಜಾರಿನಲ್ಲಿದೆ. ಮರಳ ತೀರ ಬಹಳ ಚಪ್ಪಟೆ; ನೀರು ಒಂದು ಬೆರಳು ಮೇಲೇರಿದರೆ ಅಂಚು ಎಷ್ಟೋ ಹೆಜ್ಜೆ ಒಳಗೆ ಬರುತ್ತದೆ. ಡೆನ್ಮಾರ್ಕ್ ಮೂಲದ ಎಂಜಿನಿಯರ್ ಪರ್ ಬ್ರೂನ್ 1962ರಲ್ಲಿ ಇದಕ್ಕೊಂದು ಸೂತ್ರ ಕೊಟ್ಟರು. ಮಟ್ಟ ಏರಿದಾಗ ತೀರವು ತನ್ನ ಮೇಲ್ಭಾಗದ ಮರಳನ್ನು ಕೆಳಗೆ ಸುರಿದು, ಅದೇ ಆಕಾರದಲ್ಲಿ ಮೇಲಕ್ಕೂ ಹಿಂದಕ್ಕೂ ಸರಿಯುತ್ತದೆ. ಸಾಮಾನ್ಯವಾಗಿ ಈ ಹಿಂಜರಿತ ಏರಿಕೆಯ 50ರಿಂದ 100 ಪಟ್ಟು. ಅರ್ಧ ಮೀಟರ್ ಏರಿದರೆ 25ರಿಂದ 50 ಮೀಟರ್, ಅಂದರೆ ಸುಮಾರು ಒಂದೂಕಾಲರಿಂದ ಎರಡೂವರೆ ಕ್ರಿಕೆಟ್ ಪಿಚ್. ಸೂತ್ರದ ದೌರ್ಬಲ್ಯವೂ ಗೊತ್ತಿರಲಿ: ನದಿ ತಂದ ಮರಳು, ತೀರದುದ್ದದ ಸಾಗಣೆ, ಬ್ರೇಕ್‌ವಾಟರ್, ಇವು ಯಾವುವೂ ಅದರಲ್ಲಿಲ್ಲ. ಅದನ್ನು ಭವಿಷ್ಯವಾಣಿಯಂತೆ ಓದುವುದು ಸರಿಯಲ್ಲ.

2020ರಲ್ಲಿ ಈ ವಿಷಯದಲ್ಲಿ ವಿಜ್ಞಾನಿಗಳ ನಡುವೆಯೇ ಜೋರು ಚರ್ಚೆ ನಡೆಯಿತು. ಶತಮಾನದ ಕೊನೆಗೆ ಜಗತ್ತಿನ ಮರಳ ತೀರಗಳಲ್ಲಿ ಅರ್ಧದಷ್ಟು ಅಳಿವಿನಂಚಿಗೆ ಬರಬಹುದು ಎಂದಿತು ಒಂದು ತಂಡ. ಇನ್ನೊಂದು ತಂಡದ ಪ್ರಶ್ನೆ ಸರಳ: ಹಿಂದೆ ಸರಿಯುವುದೂ ಅಳಿಯುವುದೂ ಒಂದೇನಾ? ಹಿಂದೆ ಜಾಗ ಇದ್ದರೆ ಬೀಚು ಒಳಕ್ಕೆ ನಡೆದು ಬದುಕುತ್ತದೆ, ಹಿಂದಿನ ಸಾವಿರಾರು ವರ್ಷ ಅದು ಮಾಡಿದ್ದೂ ಅದನ್ನೇ. ಮರವಂತೆಯನ್ನು ನೆನಪಿಸಿಕೊಂಡರೆ ಈ ಜಗಳದ ತಿರುಳು ಅರ್ಥವಾಗುತ್ತದೆ. ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಅಲ್ಲಿನ ಬೀಚಿಗೆ ಹಿಂದೆ ನಡೆಯಲು ಜಾಗವಾದರೂ ಎಲ್ಲಿದೆ?

ಮಟ್ಟದ ಏರಿಕೆ ನಿಧಾನದ ಮಾತಾದರೆ ಚಂಡಮಾರುತ ತುರ್ತಿನ ಮಾತು. ಅರಬ್ಬಿ ಸಮುದ್ರ ಬಿಸಿಯಾಗುತ್ತಿದೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯ ಅಧ್ಯಯನದಂತೆ 1982-2000ರ ಅವಧಿಗೆ ಹೋಲಿಸಿದರೆ 2001-2019ರಲ್ಲಿ ಅಲ್ಲಿನ ಚಂಡಮಾರುತಗಳ ಸಂಖ್ಯೆ ಶೇ 52ರಷ್ಟು ಹೆಚ್ಚಿದೆ. 2021ರ ಮೇ ನಡುಭಾಗದಲ್ಲಿ ‘ತೌತೆ’ ಕರ್ನಾಟಕದ ಕರಾವಳಿಯ ಪಕ್ಕದಲ್ಲೇ ಹಾದು ಗುಜರಾತಿಗೆ ಹೋಯಿತು. ಭೂಸ್ಪರ್ಶ ಇಲ್ಲಿ ಆಗಲಿಲ್ಲ, ಅಲೆಗಳು ಮಾತ್ರ ಇಲ್ಲಿಗೂ ಬಂದವು. ಮೇ ಎಂದರೆ ಬೀಚು ವರ್ಷದಲ್ಲೇ ಹೆಚ್ಚು ಅಗಲವಾಗಿರುವ ಹೊತ್ತು. ಮಳೆಗಾಲಕ್ಕೆಂದು ಕೂಡಿಟ್ಟ ಮರಳೆಲ್ಲ ದಡದಲ್ಲಿರುತ್ತದೆ. ಆಗಲೇ ಚಂಡಮಾರುತ ಕೈಹಾಕಿದರೆ ಎರಡು ವಾರದ ನಂತರ ಬರುವ ಮುಂಗಾರಿಗೆ ಎದುರಾಗುವುದು ಖಾಲಿ ಕಣಜ.

ರಾವಣನ ಮೀಸೆ

ಕೊರೆತಕ್ಕೆ ಉತ್ತರವಾಗಿ ಮರಳನ್ನೇ ಕೊಡುವ ಪ್ರಯೋಗಗಳೂ ಇವೆ. ನೆದರ್ಲೆಂಡ್ಸ್ 2011ರಲ್ಲಿ ಹೇಗ್ ನಗರದ ಬಳಿ ಎರಡು ಕೋಟಿ ಘನ ಮೀಟರಿಗಿಂತ ಹೆಚ್ಚು ಮರಳನ್ನು ಒಂದೇ ಕಡೆ ಸುರಿದು, ಅದನ್ನು ತೀರದುದ್ದಕ್ಕೂ ಹಂಚುವ ಕೆಲಸವನ್ನು ಅಲೆ-ಗಾಳಿಗೆ ಬಿಟ್ಟಿತು. ಪುದುಚೇರಿಯಲ್ಲಿ ಬಂದರಿನಿಂದಾಗಿ ಕಾಣೆಯಾಗಿದ್ದ ಬೀಚನ್ನು ಕಡಲಡಿಯ ಉಕ್ಕಿನ ರೀಫ್ ಮತ್ತು ಹೂಳೆತ್ತಿದ ಮರಳಿನಿಂದ ಸ್ವಲ್ಪ ಮಟ್ಟಿಗೆ ಮರಳಿ ತಂದರು. ದುಡ್ಡಿನ ಕೆಲಸಗಳು ಇವು, ಮಾಡಿ ಮರೆಯುವಂಥವೂ ಅಲ್ಲ.

ದುಡ್ಡು ಬೇಡದ ಕಣಜವೊಂದು ಬೀಚಿನ ಹಿಂದೆಯೇ ಇರುತ್ತದೆ: ಮರಳ ದಿಬ್ಬ. ಒಣ ಮರಳನ್ನು ಗಾಳಿ ಒಳಕ್ಕೆ ತಳ್ಳುತ್ತದೆ, ಗಿಡಬಳ್ಳಿ ಅದನ್ನು ಹಿಡಿದು ನಿಲ್ಲಿಸುತ್ತದೆ. ದೊಡ್ಡ ಅಲೆ ಬಂದಾಗ ದಿಬ್ಬ ತನ್ನ ಮರಳನ್ನು ಬಿಟ್ಟುಕೊಟ್ಟು ಬೀಚಿಗೆ ಆಸರೆಯಾಗುತ್ತದೆ. ನೇರಳೆ ಹೂವಿನ ಅಡುಂಬು ಬಳ್ಳಿ ಅಲ್ಲಿ ಹಬ್ಬಿರುತ್ತದೆ. ಅದರ ಪಕ್ಕದಲ್ಲೇ ಚುಚ್ಚುವ ಎಲೆಯ ಹುಲ್ಲೊಂದಿದೆ, ಹೆಸರು ರಾವಣನ ಮೀಸೆ. ಬಲಿತ ಮೇಲೆ ಅದರ ಬೀಜದ ಮುಳ್ಳುಚೆಂಡು ಕಳಚಿಕೊಂಡು ಗಾಳಿಗೆ ಸಿಕ್ಕಿ ಮರಳಿನ ಮೇಲೆ ಉರುಳುತ್ತಾ ಹೋಗುತ್ತದೆ. ಬೇಸಿಗೆಯ ಮಧ್ಯಾಹ್ನ ಅದರ ಹಿಂದೆ ಓಡದ ಕರಾವಳಿಯ ಮಕ್ಕಳು ಕಡಿಮೆ. ಎಲ್ಲೋ ಒಂದು ಗೊರಸಿನ ಗುರುತಿನಲ್ಲೋ ಒಣಗಿದ ಹಗ್ಗದ ತುಂಡಿಗೋ ಸಿಕ್ಕಿ ಚೆಂಡು ನಿಲ್ಲುತ್ತದೆ. ಸ್ವಲ್ಪ ಹೊತ್ತು ಕುಳಿತು ನೋಡಿದರೆ, ಗಾಳಿಗೆ ಮರೆಯಾದ ಅದರ ಪಕ್ಕದಲ್ಲಿ ಮರಳು ಸಣ್ಣ ಬಾಲದಂತೆ ಕೂಡತೊಡಗಿರುತ್ತದೆ.